ಡೆಂಗಿ ಲಸಿಕೆ: ‘ಸೀರೋಪಾಸಿಟಿವ್’ ಅಂದರೆ ‘ಸೋಂಕಿತರು’ ಸರಿಯೇ?

ಪ್ರಶ್ನೆ:

ಡೆಂಗಿ ಲಸಿಕೆಗಳ ಕುರಿತ ಮಾಹಿತಿಪತ್ರವೊಂದು ಕನ್ನಡದಲ್ಲಿ ಬರಬೇಕಿದೆ. ಓದುವವರು ಆಶಾ ಕಾರ್ಯಕರ್ತೆಯರು ಮತ್ತು ಶಾಲಾಮಕ್ಕಳ ತಂದೆತಾಯಂದಿರು. ಕರಡಿನಲ್ಲಿ ಸೀರೋಪಾಸಿಟಿವ್‌ಗೆ ‘ಸೋಂಕಿತ’, ಆಂಟಿಬಾಡಿಗೆ ‘ರೋಗನಿರೋಧಕ’, ಸೀರೋಟೈಪ್‌ಗೆ ‘ತಳಿ’, ಎಫಿಕಸಿಗೆ ‘ಪರಿಣಾಮ’ ಎಂದು ಬಳಸಲಾಗಿದೆ. ಡೆಂಗ್‌ವ್ಯಾಕ್ಸಿಯಾ ಬಗೆಗಿನ ಒಂದು ವಾಕ್ಯ ಹೀಗಿದೆ: ‘ಈ ಲಸಿಕೆಯನ್ನು ಸೋಂಕಿತರಿಗೆ ಮಾತ್ರ ನೀಡಬೇಕು.’ ಇವು ಸರಿಯೇ? ಬಲ್ಲವರು ತಿಳಿಸಬೇಕಾಗಿ ಕೋರಿಕೆ.

ಉತ್ತರ 1:

ಆ ವಾಕ್ಯ ಹಾಗೆಯೇ ಅಚ್ಚಾಗಬಾರದು. ಕೋವಿಡ್ ಬಂದ ಮೇಲೆ ‘ಸೋಂಕಿತರು’ ಎಂದರೆ ಓದುಗರಿಗೆ ಒಂದೇ ಅರ್ಥ: ಈಗ ಮೈಯಲ್ಲಿ ವೈರಸ್ ಇರುವವರು. ಜ್ವರದಿಂದ ಮಲಗಿರುವ ಮಗುವಿಗೆ ಲಸಿಕೆ ಹಾಕಿಸಬೇಕು ಎಂದೇ ಅವರು ಓದಿಕೊಳ್ಳುತ್ತಾರೆ. ಸೀರೋಪಾಸಿಟಿವ್ ಹೇಳುವುದು ಬೇರೆ: ಹಿಂದೆ ಎಂದೋ ಸೋಂಕು ತಗುಲಿ, ಅದರ ಗುರುತಾಗಿ ರಕ್ತದಲ್ಲಿ ಪ್ರತಿಕಾಯ (ಆಂಟಿಬಾಡಿ) ಉಳಿದಿರುವವರು.

‘ಡೆಂಗಿ ಪಾಸಿಟಿವ್’ ಎಂದು ಬಿಟ್ಟರೂ ತೊಂದರೆ ತಪ್ಪದು. ಲ್ಯಾಬಿನ ಚೀಟಿಯಲ್ಲಿ ಪಾಸಿಟಿವ್ ಎಂದು ಜನ ನೋಡುವುದು ಎನ್‌ಎಸ್1 ಅಥವಾ ಐಜಿಎಂ ಪರೀಕ್ಷೆಯನ್ನು. ಎನ್‌ಎಸ್1 ವೈರಸ್ಸಿನದೇ ಪ್ರೋಟೀನು, ಜ್ವರದ ಮೊದಲ ದಿನಗಳಲ್ಲಿ ಸಿಗುತ್ತದೆ. ಐಜಿಎಂ ಒಂದು ಬಗೆಯ ಪ್ರತಿಕಾಯ, ಸುಮಾರು ಐದನೇ ದಿನದಿಂದ ಕಾಣಿಸಿಕೊಂಡು ಕೆಲವು ತಿಂಗಳು ಇರುತ್ತದೆ. ಲಸಿಕೆಯ ಮುಂಚೆ ಹುಡುಕುವುದು ವರ್ಷಗಟ್ಟಲೆ ಉಳಿಯುವ ಐಜಿಜಿ ಎಂಬ ಇನ್ನೊಂದು ಪ್ರತಿಕಾಯವನ್ನು.

‘ಡೆಂಗಿ ಜ್ವರ ಬಂದು ಹೋದವರು’ ಎಂಬುದು ಕೇಳಲು ಸೊಗಸಾಗಿದ್ದರೂ ಪೂರ್ತಿ ಸರಿಯಲ್ಲ. ಡೆಂಗಿ ಸೋಂಕುಗಳಲ್ಲಿ ಹೆಚ್ಚಿನವು ಜ್ವರವೇ ಇಲ್ಲದೆ ಕಳೆದುಹೋಗುತ್ತವೆ. ತಾಯಿಗೆ ನೆನಪಿಲ್ಲದಿದ್ದರೂ ಮಗುವಿಗೆ ಸೋಂಕು ಆಗಿರಬಹುದು. ಹಾಗಾಗಿ ಮೊದಲ ಸಲ ‘ಹಿಂದೆ ಡೆಂಗಿ ಸೋಂಕು ತಗುಲಿದ್ದು ರಕ್ತಪರೀಕ್ಷೆಯಲ್ಲಿ ಖಚಿತವಾದವರು’ ಎಂದು ಬಿಡಿಸಿ ಬರೆದು, ಆಮೇಲೆ ‘ಸೋಂಕು ಕಂಡವರು’, ‘ಸೋಂಕು ಕಾಣದವರು’ ಎಂದು ಚಿಕ್ಕದು ಮಾಡಿಕೊಳ್ಳಬಹುದು. ಐಜಿಜಿ ಪರೀಕ್ಷೆ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಿ. ಜಪಾನೀಸ್ ಎನ್ಸೆಫಲೈಟಿಸ್ ವೈರಸ್, ಜೀಕಾ, ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ವೈರಸ್ ಎಲ್ಲವೂ ಡೆಂಗಿಯ ಕುಲದವೇ. ಒಂದರ ಪ್ರತಿಕಾಯವನ್ನು ಪರೀಕ್ಷೆ ಇನ್ನೊಂದರದೆಂದು ತೋರಿಸಬಹುದು.

ಇಷ್ಟು ಎಚ್ಚರ ಯಾಕೆ ಬೇಕೆಂದರೆ, ಈ ಭೇದ ತಿಳಿಯುವ ಮೊದಲೇ ಲಸಿಕೆ ಮಕ್ಕಳನ್ನು ಮುಟ್ಟಿತ್ತು. ಸನೋಫಿಯ ಡೆಂಗ್‌ವ್ಯಾಕ್ಸಿಯಾಕ್ಕೆ 2015ರ ಡಿಸೆಂಬರ್‌ನಲ್ಲಿ ಮೆಕ್ಸಿಕೋ ಮೊದಲ ಪರವಾನಗಿ ಕೊಟ್ಟಿತು. 2016ರಲ್ಲಿ ಫಿಲಿಪ್ಪೀನ್ಸ್ ಶಾಲೆಗಳಲ್ಲಿ ಆರು ತಿಂಗಳಿಗೊಂದರಂತೆ ಮೂರು ಡೋಸು ಹಾಕುವ ಕಾರ್ಯಕ್ರಮ ಆರಂಭಿಸಿ, 8 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಕೊಟ್ಟಿತು. 2017ರ ನವೆಂಬರ್ ಕೊನೆಯಲ್ಲಿ ಕಂಪನಿಯೇ ಹೇಳಿತು: ಲಸಿಕೆಗೆ ಮುಂಚೆ ಸೋಂಕು ಕಾಣದವರಿಗೆ ಮುಂದೆ ಡೆಂಗಿ ತಗುಲಿದರೆ ಅದು ತೀವ್ರವಾಗುವ ಸಂಭವ ಹೆಚ್ಚು. ಕಾರ್ಯಕ್ರಮ ನಿಂತಿತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಈ ಲಸಿಕೆಗೆ ಮುನ್ನ ರಕ್ತಪರೀಕ್ಷೆ ಮಾಡುವುದೇ ಒಳ್ಳೆಯದೆಂದಿತು.

‘ರೋಗನಿರೋಧಕ’ ಪದ ಕೈಕೊಡುವುದೂ ಇಲ್ಲಿಯೇ. ಡೆಂಗಿ ವೈರಸ್ಸಿನಲ್ಲಿ 1ರಿಂದ 4ರವರೆಗೆ ನಾಲ್ಕು ಸೀರೋಟೈಪ್, ಅಂದರೆ ಬಗೆಗಳಿವೆ. ಡೆಂಗಿ-1ರಿಂದ ಬಂದ ಪ್ರತಿಕಾಯ ಡೆಂಗಿ-2ಕ್ಕೆ ಅಂಟಿಕೊಂಡರೂ ಅದನ್ನು ನಿಷ್ಕ್ರಿಯಗೊಳಿಸಲು ಸಾಲದೆ ಹೋಗಬಹುದು. ಆಗ ಮೋನೋಸೈಟ್, ಮ್ಯಾಕ್ರೋಫೇಜ್‌ನಂಥ ದೇಹರಕ್ಷಕ ಬಿಳಿ ರಕ್ತಕೋಶಗಳು ಪ್ರತಿಕಾಯದ ಬಾಲ ಹಿಡಿದು ವೈರಸ್ಸನ್ನೂ ಒಳಗೆಳೆದುಕೊಳ್ಳುತ್ತವೆ. ಅಲ್ಲಿ ಅದು ಇನ್ನಷ್ಟು ಬೆಳೆಯುತ್ತದೆ. ಎರಡನೆಯ ಸೋಂಕು ಮೊದಲನೆಯದಕ್ಕಿಂತ ಅಪಾಯಕಾರಿಯಾಗಲು ಮುಖ್ಯ ವಿವರಣೆ ಇದು. ಕ್ಯೂಬಾದಲ್ಲಿ 1977ರಲ್ಲಿ ಡೆಂಗಿ-1 ಹರಡಿ, 1981ರಲ್ಲಿ ಡೆಂಗಿ-2 ಬಂದಾಗ ಕಂಡದ್ದೂ ಹೀಗೆಯೇ. ಸೋಂಕು ಕಾಣದವರಲ್ಲಿ ಲಸಿಕೆಯೇ ಮೊದಲ ಸೋಂಕಿನ ಜಾಗ ಹಿಡಿದಿತ್ತು ಎಂಬ ವಿವರಣೆಯೂ ಇದಕ್ಕೇ ಕೂಡಿಕೊಳ್ಳುತ್ತದೆ. ಕರಡಿನ ಪದ ಇಟ್ಟುಕೊಂಡರೆ ‘ರೋಗನಿರೋಧಕದಿಂದ ರೋಗ ಹೆಚ್ಚುತ್ತದೆ’ ಎಂದು ಬರೆಯಬೇಕಾದೀತು! ‘ಪ್ರತಿಕಾಯ’ ಎನ್ನಿ, ‘ಪ್ರತಿಕಾಯದಿಂದಾಗುವ ಸೋಂಕಿನ ಉಲ್ಬಣ’ ಎನ್ನಿ. ಅರ್ಥ ಕೆಡುವುದಿಲ್ಲ.

‘ತಳಿ’ ಬೇಡ. ನಾಲ್ಕು ಸೀರೋಟೈಪ್‌ಗಳಲ್ಲಿ ಒಂದೊಂದರ ಒಳಗೂ ಹಲವು ತಳಿಗಳಿವೆ. ಮೇಲಿನ ಹಂತಕ್ಕೆ ಈ ಪದ ಖರ್ಚಾದರೆ ಕೆಳಗಿನದಕ್ಕೆ ಏನೂ ಉಳಿಯದು. ಪತ್ರಿಕೆಗಳ ‘ರೂಪಾಂತರಿ’ ಇನ್ನೂ ತಪ್ಪು, ಒಂದು ವೈರಸ್ ಇತ್ತೀಚೆಗೆ ಬದಲಾಗಿ ನಾಲ್ಕಾಯಿತು ಎಂಬ ಭಾವ ಬರುತ್ತದೆ. ‘ನಾಲ್ಕು ಬಗೆ’ ಸಾಕು.

ಉತ್ತರ 2:

ಮೇಲಿನದಕ್ಕೆ ಒಪ್ಪಿಗೆ. ‘ಪರಿಣಾಮ’ದ ಬಗ್ಗೆ ಸೇರಿಸಬೇಕಾದದ್ದಿದೆ. ಪರಿಣಾಮ ಎಂದರೆ ಅಡ್ಡಪರಿಣಾಮವೂ ಆಗುತ್ತದೆ. ಎಫಿಕಸಿ ಎಂಬುದು ಪ್ರಯೋಗದಲ್ಲಿ ಎರಡು ಗುಂಪುಗಳನ್ನು ಹೋಲಿಸಿ ಸಿಗುವ ಅಂಕಿ. ‘ಪ್ರಯೋಗದಲ್ಲಿ ಕಂಡ ರಕ್ಷಣೆ’ ಎನ್ನಬಹುದು. ಲಸಿಕೆ ಊರಿಗೆ ಬಂದ ಮೇಲೆ ಅಳೆಯುವುದಕ್ಕೆ ‘ಬಳಕೆಯಲ್ಲಿ ಕಂಡ ರಕ್ಷಣೆ’.

ಟಕೇಡಾದ ಕ್ಯೂಡೆಂಗಾ ಲಸಿಕೆಯನ್ನು ತೆಗೆದುಕೊಳ್ಳಿ. 4ರಿಂದ 16 ವರ್ಷದ ಸುಮಾರು 20,000 ಮಕ್ಕಳ ಪ್ರಯೋಗದಲ್ಲಿ, ಎರಡನೇ ಡೋಸಿನ ನಂತರದ ಒಂದು ವರ್ಷದಲ್ಲಿ ಕಂಡ ರಕ್ಷಣೆ ಶೇ 80.2. ‘ನೂರರಲ್ಲಿ 80 ಮಕ್ಕಳಿಗೆ ಡೆಂಗಿ ಬರುವುದಿಲ್ಲ, 20 ಮಕ್ಕಳಿಗೆ ಬರುತ್ತದೆ’ ಎಂದು ಬರೆದರೆ ತಪ್ಪು. ಹೋಲಿಕೆಗಾಗಿ ಲಸಿಕೆಯ ಬದಲು ಹುಸಿಮದ್ದು ಪಡೆದವರಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು 2.5 ಮಕ್ಕಳಿಗೆ ಡೆಂಗಿ ಬಂತು, ಲಸಿಕೆ ಪಡೆದವರಲ್ಲಿ ಸುಮಾರು 0.5. 2.5 ಇದ್ದದ್ದು 0.5ಕ್ಕೆ, ಅಂದರೆ ಐದರಲ್ಲಿ ಒಂದು ಪಾಲಿಗೆ, ಇಳಿದದ್ದೇ ಆ 80. ಇದು ನಾಲ್ಕೂ ಬಗೆಗೆ ಸಮನಾಗಿ ಹಂಚಿದ ಅಂಕಿಯೂ ಅಲ್ಲ. ಕ್ಯೂಡೆಂಗಾವನ್ನು ಕಟ್ಟಿರುವುದು ಡೆಂಗಿ-2 ವೈರಸ್ಸನ್ನು ಬುನಾದಿ ಮಾಡಿಕೊಂಡು. ರಕ್ಷಣೆಯೂ ಅದರ ವಿರುದ್ಧವೇ ಹೆಚ್ಚು. ಸೋಂಕು ಕಾಣದ ಮಕ್ಕಳಲ್ಲಿ ಡೆಂಗಿ-3ರ ವಿರುದ್ಧ ರಕ್ಷಣೆ ಸಾಬೀತಾಗಲಿಲ್ಲ. ಅಂಕಿಯ ಪಕ್ಕದಲ್ಲಿ ಯಾವ ಬಗೆ, ಯಾರಲ್ಲಿ, ಎಷ್ಟು ಕಾಲ ಎಂಬ ಮೂರೂ ಇರಲಿ.

ಬರೀ ‘ಡೆಂಗಿ ಲಸಿಕೆ’ ಎನ್ನದೆ ಪ್ರತಿ ವಾಕ್ಯದಲ್ಲೂ ಲಸಿಕೆಯ ಹೆಸರು ಹೇಳಿ. ಡೆಂಗ್‌ವ್ಯಾಕ್ಸಿಯಾಕ್ಕೆ ಮೂರು ಡೋಸು, ಮುನ್ನ ರಕ್ತಪರೀಕ್ಷೆ. ಕ್ಯೂಡೆಂಗಾಕ್ಕೆ ಮೂರು ತಿಂಗಳ ಅಂತರದಲ್ಲಿ ಎರಡು ಡೋಸು. ಸೋಂಕು ಹೆಚ್ಚಿರುವ ಕಡೆ 6ರಿಂದ 16 ವರ್ಷದವರಿಗೆ ರಕ್ತಪರೀಕ್ಷೆಯಿಲ್ಲದೆ ಕೊಡಬಹುದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. 2024ರ ಆಗಸ್ಟ್‌ನಲ್ಲಿ ರೋಹ್ತಕ್‌ನಲ್ಲಿ ಮೂರನೇ ಹಂತದ ಪ್ರಯೋಗ ಶುರುವಾದ ಪ್ಯಾನೇಸಿಯಾ ಬಯೋಟೆಕ್‌ನ ಡೆಂಗಿಆಲ್ ಒಂದೇ ಡೋಸಿನದು. ಒಂದರ ನಿಯಮ ಇನ್ನೊಂದಕ್ಕೆ ಅಂಟಬಾರದು.

ಈ ಮೂರೂ ಜೀವಂತ ವೈರಸ್ಸಿನ ಲಸಿಕೆಗಳು. ‘ದುರ್ಬಲ ಲಸಿಕೆ’ ಎಂದರೆ ಕೆಲಸಕ್ಕೆ ಬಾರದ ಲಸಿಕೆ ಎಂದಾಗುತ್ತದೆ, ‘ಕಸುವು ತಗ್ಗಿಸಿದ ಜೀವಂತ ವೈರಸ್ಸಿನ ಲಸಿಕೆ’ ಎನ್ನಿ. ಉದ್ದವಾಯಿತೆಂದು ‘ಜೀವಂತ’ವನ್ನು ಕತ್ತರಿಸಬೇಡಿ: ಗರ್ಭಿಣಿಯರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಇವನ್ನು ಕೊಡದಿರುವುದಕ್ಕೆ ಕಾರಣ ಆ ಒಂದು ಪದದಲ್ಲೇ ಇದೆ.