ಮೊದಲು ಮೇವು ಹಾಕ್ರಿ, ಆಮ್ಯಾಲೆ ಎಮ್ಮಿ ತರ್ರಿ – ನಮ್ಮನಿ ಅನುಭವ

ಅಣ್ಣಾರ, ನೀವು ಕೇಳಿದ್ದು ಓದಿದೆ. ಕುಷ್ಟಗಿ ಕಡೆ ಮೂರು ಎಕರೆ ಮಸಾರಿ ಹೊಲ, ಬೋರಿಗೆ ಎರಡಿಂಚು ನೀರು, ಶಿವರಾತ್ರಿ ಆದಮ್ಯಾಲೆ ಪೂರಾ ಶೇಂಗಾ ಬಿತ್ತಿ ಯುಗಾದಿಗೆ ಎರಡು ಮುರ್ರಾ ಎಮ್ಮಿ ಕಟ್ಟಬೇಕಂತೀರಿ, ಯಾವ್ದು ಮೊದಲು ಅಂತ ಕೇಳೀರಿ. ನಮ್ದು ಯಲಬುರ್ಗಾ ಕಡೆ, ಹೊಲ ಹೆಚ್ಚುಕಮ್ಮಿ ಇಷ್ಟೇ. ಎರಡೂ ಒಟ್ಟಿಗೆ ಮಾಡಾಕ ಹೋಗಿ ನಾವು ಅನುಭವಿಸೀವಿ, ಅದಕ್ಕ ಬರಿಯಾಕತ್ತೀನಿ.

ಶೇಂಗಾಕ್ಕ ಈಗ ತಡ ಆತ್ರಿ. ಬ್ಯಾಸಿಗಿ ಶೇಂಗಾ ಸಂಕ್ರಾಂತಿ ಆಜುಬಾಜು ಬಿದ್ರ ಚಲೋ, 110-120 ದಿನದ ಬೆಳಿ ಅದು, ಈಗ ಬಿತ್ತಿದ್ರ ಕೀಳೋ ಹೊತ್ತಿಗೆ ಮಿರಗದ ಮಳಿ ಹಿಡಕೊಂಡು ಕಾಯಿ ನೆಲದಾಗ ಮೊಳಕಿ ಒಡೀತಾವು, ಹೊಟ್ಟೂ ಕೊಳೀತೈತಿ. ಬೇಕಂದ್ರ ಒಂದ್ ಎಕರೆ ಹೆಸರು ಹಾಕ್ರಿ, 60-65 ದಿನಕ್ಕ ಬರ್ತೈತಿ, ಹೊಟ್ಟು ದನಕ್ಕ ಆಕ್ಕೈತಿ. ಬಿಳಿ ನೊಣದ ಮ್ಯಾಲೆ ಕಣ್ಣಿಡ್ರಿ, ಹಳದಿ ರೋಗ ತರೋದು ಅದ.

ಮೇವಿನ ಮಾತಿಗೆ ಬರ್ತೀನಿ. ನಾವು ಬಣವಿಯೊಳಗ ಜೋಳದ ಒಣ ದಂಟು, ಅಂದ್ರ ಕಣಿಕಿ, ಐತಲ್ಲ ಅಂತ ಧೈರ್ಯ ಮಾಡಿ ಎಮ್ಮಿ ತಂದ್ವಿ, ಬರೇ ಒಣ ಕಣಿಕಿ ತಿಂದು ಹದಿನೈದು ದಿನದಾಗ ಹಾಲು ಅರ್ಧಕ್ಕ ಇಳೀತು. ಒಂದು ಹಿಂಡೋ ಎಮ್ಮಿಗೆ ದಿನಕ್ಕ 25-30 ಕೆಜಿ ಹಸಿ ಮೇವು ಬೇಕ್ರಿ, ಈ ಬಿಸಲಾಗ ನೀರು 70-80 ಲೀಟರ್, ಮತ್ತ ಎರಡ್ ಹೊತ್ತು ಮೈಮ್ಯಾಲೆ ನೀರು ಹಾಕಬೇಕು. ಅದಕ್ಕ ಬೋರಿನ ಹತ್ರ ಹತ್ತು ಗುಂಟೆ ನೇಪಿಯರ್ ಮೇವಿನ ಹುಲ್ಲಿನ ಕಡ್ಡಿ ಈಗ ನೆಡ್ರಿ, ಎರಡು ಗಣ್ಣಿನ ಕಡ್ಡಿ, ಒಂದು ಗಣ್ಣು ಮಣ್ಣಾಗ ಒಂದು ಮ್ಯಾಲೆ. ಮೊದಲ ಕೊಯ್ಲು 70-75 ದಿನಕ್ಕ, ಆಮ್ಯಾಲೆ 45 ದಿನಕ್ಕೊಮ್ಮೆ. ಬದುವಿಗೆ ಮೇವಿನ ಚೊಗಚಿ (ಅಗಸೆ) ಗಿಡ ಹಾಕ್ರಿ. ಮೊದಲ ಕೊಯ್ಲು ಕೈಗೆ ಬಂದ ದಿನ ಎಮ್ಮಿ ತರ್ರಿ, ಅದೂ ಒಂದ ತರ್ರಿ.

ಇನ್ನೊಂದು, ಇದನ್ನ ಮಾತ್ರ ಮರೀಬ್ಯಾಡ್ರಿ. ಹಿಂಗಾರಿ ಜೋಳ ಕೊಯ್ದ ಹೊಲದಾಗ ಉಳಿದ ಬುಡ, ಅಂದ್ರ ಕೂಳಿ, ಚಿಗುರಿದ್ರ ದನ ಬಿಡಬ್ಯಾಡ್ರಿ. ಹೋದ ವರ್ಷ ಅಶ್ವಿನಿ ಮಳಿ ನಾಕ ಹನಿ ಆತು, ಮುಂದ ಬಿಸಲು, ಕೂಳಿ ಗೇಣುದ್ದ ಹಸರಗ ಬಂದಿತ್ತು. ನಮ್ಮ ಕೆಂದ ಕಡಸು ಹಗ್ಗ ಹರಕೊಂಡು ಹೋಗಿ ಮೇದೈತಿ. ಅವ್ವ ನೋಡೋದ್ರಾಗ ಬದುವಿನ ಮ್ಯಾಲೆ ಕಾಲು ಚಾಚಿ ಬಿದ್ದಿತ್ತು, ಬಾಯಾಗ ನೊರಿ, ಒಸಡು ಕೆಂಪಗ, ಉಸಿರು ಎಳ್ಯಾಕತ್ತಿತ್ತು. ಡಾಕ್ಟರ್ ಬರೋಷ್ಟರಾಗ ಹೋತು. ಅವ್ವ ಎರಡ್ ದಿನ ಊಟ ಮಾಡ್ಲಿಲ್ಲ. ಎಳೆ ಜೋಳದಾಗ, ಬಾಡಿದ ಜೋಳದಾಗ ಸೈನೈಡ್ ವಿಷ ಇರ್ತೈತ್ರಿ, ಹೂವು ಬರೋತನಕ ಹಸಿ ಜೋಳ ಹಾಕಬಾರದು. ಲಗೂನ ಸಿಕ್ರ ರಕ್ತನಾಳಕ್ಕ ಕೊಡೋ ಇಂಜೆಕ್ಷನ್ ಐತಿ, 1962ಕ್ಕ ಫೋನ್ ಮಾಡಿದ್ರ ಪಶು ಆಂಬುಲೆನ್ಸ್ ಬರ್ತೈತಿ, ನಂಬರ್ ಕೊಟ್ಟಿಗಿ ಗ್ವಾಡಿ ಮ್ಯಾಲೆ ಬರದಿಡ್ರಿ. ನಮಗ ಅವತ್ತು ಅದು ಗೊತ್ತಿರಲಿಲ್ಲ.

ರೋಣಿ ಮಳಿ ಬೀಳೋದ್ರಾಗ ಗಂಟಲುಬ್ಯಾನಿ, ಚಪ್ಪಿ ರೋಗದ ಲಸಿಕಿ ಮುಗಸ್ಕೊಳ್ರಿ, ಮಳಿ ಹತ್ತಿದ ಮ್ಯಾಲೆ ಓಡಾಡಿದ್ರ ಉಪಯೋಗಿಲ್ಲ. ಖಾಲಿ ಉಳಿದ ಹೊಲದಾಗ ಕುರಿಯವರಿಗೆ ಹೇಳಿ ನಾಕೈದು ರಾತ್ರಿ ಕುರಿ ಹಟ್ಟಿ ಹಾಕ್ಸ್ರಿ, ಹಿಕ್ಕಿ ಗೊಬ್ಬರ ಆಕ್ಕೈತಿ. ನಮ್ಮ ದೊಡ್ಡಪ್ಪ ವರ್ಷಾ ಹಾಕ್ಸ್ತಾನ, ಅವನ ಸಜ್ಜಿ ತೆನಿ ನೋಡಿದ್ರ ನಿಮಗ ತಿಳೀತೈತಿ.

ನೇಪಿಯರ್ ಕಡ್ಡಿ ನಮ್ಮ ಹೊಲದಾಗ ಬೇಕಾದಷ್ಟು ಅದಾವು. ಈ ವಾರ ಕೊಯ್ಯೋರದೀವಿ, ಒಂದ್ ಟಂಟಂ ಗಾಡಿ ತಗೊಂಡು ಬರ್ರಿ, ರೊಕ್ಕ ಏನ್ ಬ್ಯಾಡ.