‘ವಾರ್ಮ್ ಬಾಡೀಸ್’ ಓದಿದವರು ಹೇಳಿ: ಪೆರಿಯನ್ನು ತಿಂದವನನ್ನು ಜೂಲಿ ಪ್ರೀತಿಸಿದ್ದು ಸರಿ ಅನ್ನಿಸಿತಾ?

ಸಂಪಿಗೆಮರ:
ಐಸಾಕ್ ಮೇರಿಯನ್ ಬರೆದ ‘ವಾರ್ಮ್ ಬಾಡೀಸ್’ ಕಾದಂಬರಿ ಓದಿ ಮುಗಿಸಿದೆ. 2010ರ ಪುಸ್ತಕ, 2013ರಲ್ಲಿ ಸಿನಿಮಾ ಕೂಡ ಬಂತು. ಕಥೆ ಪೂರ್ತಿ ಹೇಳುತ್ತಿದ್ದೇನೆ, ಓದದವರು ಇಲ್ಲೇ ನಿಲ್ಲಿಸಿಬಿಡಿ. ಕಥೆ ಹೇಳುವವನೇ ಜಾಂಬಿ, ಅಂದರೆ ಸತ್ತಮೇಲೂ ಎದ್ದು ಓಡಾಡುತ್ತಾ ಮನುಷ್ಯರನ್ನು ತಿನ್ನೋ ಹೆಣ. ಹೆಸರು ಮರೆತುಹೋಗಿದೆ, ‘ಆರ್’ ಅಕ್ಷರದಿಂದ ಶುರುವಾಗುತ್ತಿತ್ತು ಅನ್ನೋದಷ್ಟೇ ನೆನಪು. ಪಾಳುಬಿದ್ದ ಏರ್‌ಪೋರ್ಟ್‌ನಲ್ಲಿ ನಿಂತುಹೋದ ವಿಮಾನವೇ ಅವನ ಮನೆ. ಜೂಲಿ ಅನ್ನೋ ಬದುಕಿರೋ ಹುಡುಗಿಯ ಪ್ರಿಯಕರ ಪೆರಿಯನ್ನು ಕೊಂದು ಅವನ ಮಿದುಳು ತಿನ್ನುತ್ತಾನೆ, ತಿಂದಾಗ ಪೆರಿಯ ನೆನಪುಗಳೆಲ್ಲ ಇವನೊಳಗೆ ಬಂದುಬಿಡುತ್ತವೆ, ಅವುಗಳ ಜೊತೆಗೇ ಜೂಲಿ ಮೇಲಿನ ಪ್ರೀತಿಯೂ. ತುಂಬಾ ನಕ್ಕಿದ್ದೇನೆ, ಆದರೆ ಈ ಒಂದು ವಿಷಯ ಮಾತ್ರ ಬಿಡ್ತಾ ಇಲ್ಲ. ಅದು ಆರ್‌ನ ಪ್ರೀತಿಯಾ, ಪೆರಿಯದ್ದಾ?

ಓದುಬರಹ:
ಮೊದಲು ನಗುವಿನ ವಿಷಯ ಹೇಳ್ತೀನಿ, ಯಾಕಂದ್ರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ ಅಂತ ನನಗೆ ಅನ್ನಿಸುತ್ತೆ. ಆರ್ ತಲೆಯೊಳಗೆ ಎಷ್ಟು ಚೆನ್ನಾಗಿ ಮಾತಾಡುತ್ತಾನೆ ನೋಡಿ, ಆದರೆ ಬಾಯಿ ತೆರೆದರೆ ಬರೋದು ಒಂದೆರಡು ಮುರುಕು ಪದ ಅಷ್ಟೇ. ಸುಮ್ನೆ ಎಸ್ಕಲೇಟರ್ ಹತ್ತಿ ಇಳಿಯುತ್ತಾ ಇರುತ್ತಾನೆ. ಇನ್ನೊಂದು ಜಾಂಬಿ ಜೊತೆ ಮದುವೆ ಮಾಡಿ, ಇಬ್ಬರು ಮಕ್ಕಳನ್ನೂ ಕೈಗೆ ಕೊಡುತ್ತಾರೆ, ಪ್ರೀತಿ ಪ್ರೇಮ ಏನೂ ಇಲ್ಲ. ಬದುಕಿದ್ದವರು ಮಾಡ್ತಿದ್ದ ಕೆಲಸಗಳನ್ನೆಲ್ಲ ಯಾಕೆ ಅಂತ ಗೊತ್ತಿಲ್ಲದೆ ಮಾಡ್ತಾ ಹೋಗೋದು, ಅದೇ ಈ ಪುಸ್ತಕದ ಹಾಸ್ಯ. ಆದರೆ ಅವನು ಪೆರಿಯನ್ನು ತಿನ್ನೋಕೆ ಮುಂಚೆಯೇ ಹಳೆ ರೆಕಾರ್ಡ್‌ಗಳನ್ನು ಕೂಡಿಸಿಟ್ಟುಕೊಂಡಿದ್ದಾನೆ, ಹಳೆ ಅಮೆರಿಕನ್ ಗಾಯಕ ಸಿನಾತ್ರಾ ಹಾಡು ಕೇಳುತ್ತಾನೆ. ಆ ಹಂಬಲ ಅವನದೇ. ಪೆರಿಯಿಂದ ಬಂದದ್ದು ಜೂಲಿಯ ಪರಿಚಯ ಮಾತ್ರ.

ಕಾವೇರಿತೀರ:
ನಾನು ಒಪ್ಪಲ್ಲ. ಮಿದುಳಿನ ಉಳಿದ ಚೂರನ್ನು ಜೇಬಿನಲ್ಲಿಟ್ಟುಕೊಂಡು ಸ್ವಲ್ಪ ಸ್ವಲ್ಪವೇ ತಿನ್ನುತ್ತಾನಲ್ಲ, ಅದು ಕದ್ದು ಬೇರೆಯವರ ಡೈರಿ ಓದಿದ ಹಾಗೆ. ಜೂಲಿಗೆ ಏನು ಇಷ್ಟ, ಯಾವುದಕ್ಕೆ ನೋವಾಗುತ್ತೆ, ಎಲ್ಲಾ ಇವನಿಗೆ ಗೊತ್ತು. ಅವಳಿಗೆ ಇವನ ಬಗ್ಗೆ ಏನೂ ಗೊತ್ತಿಲ್ಲ. ಇದು ಸಮ ಅಲ್ಲ. ಸಿನಿಮಾದಲ್ಲಂತೂ ಅವನು ನಿಜ ಹೇಳಿದಾಗ ನನಗೆ ಮೊದಲೇ ಅನ್ನಿಸಿತ್ತು ಅನ್ನೋ ಅರ್ಥದಲ್ಲಿ ಜೂಲಿ ಮಾತಾಡುತ್ತಾಳೆ, ಬೆಳಿಗ್ಗೆ ಎದ್ದು ಹೊರಟುಹೋಗುತ್ತಾಳೆ. ಹೊರಟದ್ದು ಸರಿ. ಆದರೆ ಆಮೇಲೆ ಅವಳು ಅಷ್ಟು ಬೇಗ ಒಪ್ಪಿಕೊಂಡಿದ್ದು ಯಾಕೆ? ಪೆರಿಗಾಗಿ ಅವಳು ಅಳೋಕೆ ಇನ್ನೂ ಜಾಗ ಬೇಕಿತ್ತು. ಪಾಪ ಪೆರಿ.

ಓದುಬರಹ:
ಪೆರಿ ಪಾಪ, ನಿಜ. ಆದರೆ ಪುಸ್ತಕ ಅವನನ್ನು ಮರೆಯಲ್ಲ ಅಲ್ವಾ? ಆರ್‌ನ ತಲೆಯೊಳಗೆ ಪೆರಿಯೇ ಮಾತಾಡೋಕೆ ಶುರು ಮಾಡುತ್ತಾನೆ, ವಾದ ಮಾಡುತ್ತಾನೆ. ಇನ್ನೊಂದು ಮಾತು: ಇದು ‘ರೋಮಿಯೋ ಜೂಲಿಯೆಟ್’ ಅಚ್ಚಿನಲ್ಲೇ ಇದೆ. ಆರ್ ಮತ್ತು ಜೂಲಿ ಸರಿ, ಜೂಲಿಯೆಟ್‌ಳನ್ನು ಮದುವೆಯಾಗಬೇಕಿದ್ದ ಪ್ಯಾರಿಸ್ ಜಾಗದಲ್ಲಿ ಪೆರಿ, ರೋಮಿಯೋನ ಗೆಳೆಯ ಮರ್ಕ್ಯೂಶಿಯೋ ಜಾಗದಲ್ಲಿ ಆರ್‌ನ ಜಾಂಬಿ ಗೆಳೆಯ ಎಂ. ಬಾಲ್ಕನಿ ದೃಶ್ಯವೂ ಇದೆ. ಅಲ್ಲೂ ಪ್ಯಾರಿಸ್ ಸಾಯೋದು ರೋಮಿಯೋ ಕೈಯಲ್ಲೇ.

ಹೊಂಗೆನೆರಳು:
ನಾನು ಇದನ್ನು ಬೇರೆ ಥರ ನೋಡುತ್ತೇನೆ. ನಮ್ಮ ಕಡೆಯ ದೆವ್ವದ ಕಥೆಗಳಲ್ಲಿ ದೆವ್ವ ವಾಪಸ್ ಬರೋದು ನೆನಪು ಜಾಸ್ತಿ ಇರೋದರಿಂದ. ತೀರದ ಆಸೆ, ಹಳೆ ಸೇಡು, ಬಿಟ್ಟುಹೋದ ಮಗು, ಏನಾದರೂ ಒಂದು ಎಳೀತಾ ಇರುತ್ತೆ. ಜಾಂಬಿ ಅದರ ಉಲ್ಟಾ. 1968ರಲ್ಲಿ ನಿರ್ದೇಶಕ ಜಾರ್ಜ್ ರೊಮೆರೋ ಮಾಡಿದ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಸಿನಿಮಾದಿಂದ ನಾವು ನೋಡುತ್ತಾ ಬಂದ ಜಾಂಬಿಗೆ ಹಸಿವಿದೆ, ‘ನಾನು’ ಅನ್ನೋದು ಇಲ್ಲ. ಮೇರಿಯನ್ ಆ ಜಾಂಬಿಗೆ ಇನ್ನೊಬ್ಬರ ನೆನಪು ಕೊಟ್ಟು ಏನಾಗುತ್ತೆ ನೋಡೋಣ ಅಂತ ಹೊರಟಿದ್ದಾರೆ. ಜೂಲಿಯನ್ನು ಬೇರೆ ಜಾಂಬಿಗಳಿಂದ ಉಳಿಸೋಕೆ ತನ್ನ ರಕ್ತವನ್ನೇ ಅವಳ ಮುಖಕ್ಕೆ ಬಳಿದು ವಾಸನೆ ಮುಚ್ಚುತ್ತಾನಲ್ಲ, ನನ್ನ ಪ್ರಕಾರ ಇಡೀ ಪುಸ್ತಕದಲ್ಲಿ ಅದೇ ನಿಜವಾದ ಪ್ರೇಮದ ದೃಶ್ಯ. ಅಷ್ಟು ಹೊತ್ತೂ ತಿನ್ನೋದು ಬಿಟ್ಟು ಬೇರೇನೂ ಗೊತ್ತಿಲ್ಲದವನು ಮೊದಲ ಸಲ ಒಬ್ಬರನ್ನು ಕಾಪಾಡುತ್ತಾನೆ. ಇದು ಪೆರಿಯ ನೆನಪು ಹೇಳಿಕೊಟ್ಟದ್ದಲ್ಲ, ಇವನೇ ಮಾಡಿದ್ದು. ತನ್ನನ್ನು ತಾನು ಕಂಡುಕೊಳ್ಳೋದು ಅಂದರೆ ಹಳೆ ಹೆಸರು, ಹಳೆ ಊರು ಸಿಗೋದು ಅಂತ ಅಂದುಕೊಳ್ಳುತ್ತೇವೆ. ಇಲ್ಲಿ ಹಾಗಾಗಲ್ಲ. ಅವನು ಕೊನೆವರೆಗೂ ಆರ್ ಆಗಿಯೇ ಇರುತ್ತಾನೆ.

ಸಂಪಿಗೆಮರ:
ರಕ್ತ ಬಳಿಯೋ ಭಾಗದ ಬಗ್ಗೆ ನೀವು ಹೇಳಿದ್ದು ಸರಿ, ಅದನ್ನು ಮತ್ತೆ ಓದುತ್ತೇನೆ. ಆದರೂ ಕಾವೇರಿತೀರ ಅವರ ಮಾತಿನ ಕಡೆಗೇ ನನ್ನ ಮನಸ್ಸು ವಾಲುತ್ತಿದೆ, ಜೂಲಿಯ ದುಃಖಕ್ಕೆ ಪುಸ್ತಕ ಅವಸರ ಮಾಡಿದೆ. ಆರ್ ಮೊದಲು ಏನಾಗಿದ್ದ ಅಂತ ಮುಂದೆಲ್ಲಾದರೂ ಬರುತ್ತಾ?

ಕಾವೇರಿತೀರ:
ಬರುತ್ತೆ. ಇದರ ಮುಂದಿನ ಭಾಗ, 2017ರ ‘ದಿ ಬರ್ನಿಂಗ್ ವರ್ಲ್ಡ್’ ಓದಿ, ಅವನ ಹಳೆ ಬದುಕು ಅಲ್ಲಿ ಎದುರು ಬಂದು ನಿಲ್ಲುತ್ತೆ. ಇದಕ್ಕಿಂತ ದಪ್ಪ ಪುಸ್ತಕ, ನಗು ಕಡಿಮೆ. ಸಿನಿಮಾ ನೋಡಿ ನೇರವಾಗಿ ಅದಕ್ಕೆ ಹೋಗಬೇಡಿ, ಜಾಂಬಿ ಹೆಂಡತಿ ಮಕ್ಕಳ ಭಾಗ ಸಿನಿಮಾದಲ್ಲಿ ಇಲ್ಲವೇ ಇಲ್ಲ.