ಲ್ಯಾಂಥನಮ್-ನಿಕಲ್ ಟ್ಯಾಂಕ್ ಅರ್ಧ ತುಂಬಿ ನಿಲ್ಲುತ್ತಿದೆ

ಕಾಳಿದಂಡೆ: ಕಾರವಾರದ ಲ್ಯಾಬ್‌ನಲ್ಲಿ 5 ಕೆಜಿ ಲ್ಯಾಂಥನಮ್-ನಿಕಲ್-5 (ಹೈಡ್ರೋಜನ್ ಹೀರಿ ಹಿಡಿದಿಡುವ ಮಿಶ್ರಲೋಹ) ಪುಡಿಯ ಟ್ಯಾಂಕಿದೆ. 10 ಬಾರ್ ಹೈಡ್ರೋಜನ್ ಕೊಟ್ಟರೂ ಸ್ವಲ್ಪ ಹೊತ್ತಿಗೇ ಹೀರುವುದು ನಿಲ್ಲುತ್ತದೆ. ಹೊರಗಡೆ ತಂಪು ಮಾಡಲು ನೀರು ಹರಿಯುವ ಕವಚ (ಜಾಕೆಟ್) ಇದೆ. ಸಮುದ್ರದ ನೀರನ್ನೇ ಹರಿಸಬಹುದೇ?

ಬಿಸಿಲೆಕ್ಕ: ಒತ್ತಡದ ದೋಷವಲ್ಲ, ಶಾಖದ್ದು. ಪುಡಿ ಹೈಡ್ರೋಜನ್ ಹೀರುವಾಗ ಒಂದು ಮೋಲ್‌ಗೆ (ಸುಮಾರು 2 ಗ್ರಾಂ) ಸುಮಾರು 31 ಕಿಲೋಜೂಲ್ ಶಾಖ ಹೊರಬರುತ್ತದೆ. ಪುಡಿ ಹೀರುವುದು ತನ್ನ ತೂಕದ 1.4%, ಅಂದರೆ 70 ಗ್ರಾಂ ಹೈಡ್ರೋಜನ್. 10 ನಿಮಿಷದಲ್ಲಿ ತುಂಬಬೇಕಾದರೆ ಸರಾಸರಿ 1.8 ಕಿಲೋವಾಟ್ ಶಾಖ ತೆಗೆಯಬೇಕು. ಪುಡಿ 70 ಡಿಗ್ರಿ ಮುಟ್ಟಿತೆಂದರೆ ಅದರ ಸಮತೋಲನ ಒತ್ತಡವೇ (ಹೀರುವುದೂ ಬಿಡುವುದೂ ಸರಿಸಮವಾಗುವ ಒತ್ತಡ) 10 ಬಾರ್ ಆಸುಪಾಸು, ಮತ್ತೆ ಹೀರುವುದೆಲ್ಲಿ? ಪುಡಿಯ ಉಷ್ಣವಾಹಕತೆ ತೀರಾ ಕಡಿಮೆ, ಹಾಗಾಗಿ ಹೊರಗಿನ ಜಾಕೆಟ್ ನಡುಭಾಗವನ್ನು ತಂಪು ಮಾಡದು. ಒಳಗೆ ರೆಕ್ಕೆಯಿರುವ ತಾಮ್ರದ ಕೊಳವೆ ಹಾಕಿ, ರೆಕ್ಕೆಗಳ ಅಂತರ 5 ಮಿಮೀ ಇರಲಿ. ಪಂಪ್ ದೊಡ್ಡದು ಮಾಡಿ ಲಾಭವಿಲ್ಲ; ನಿಮಿಷಕ್ಕೆ 6 ಲೀಟರ್ ಹರಿದರೂ ನೀರು 4-5 ಡಿಗ್ರಿಯಷ್ಟೇ ಏರುತ್ತದೆ.

ಬೈತಖೋಲ: ಸಮುದ್ರದ ನೀರನ್ನು ಟ್ಯಾಂಕಿಗೆ ನೇರ ಬಿಡಬೇಡಿ. ತುಕ್ಕು ತಡೆಯುವ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ಗೂ ಬೆಚ್ಚಗಿನ ಉಪ್ಪುನೀರಲ್ಲಿ ತೂತು ಬೀಳುತ್ತದೆ, ಚಿಪ್ಪುಹುಳ ಅಂಟಿಕೊಳ್ಳುವುದು ಬೇರೆ. ಟ್ಯಾಂಕಿನ ಸುತ್ತಿನಲ್ಲಿ ಸಿಹಿನೀರು ಹರಿಯಲಿ, ಅದಕ್ಕೂ ಸಮುದ್ರದ ನೀರಿಗೂ ನಡುವೆ ಟೈಟಾನಿಯಂ ಪ್ಲೇಟ್ ಶಾಖ ವಿನಿಮಯಕ ಇರಲಿ.

ಬಿಸಿಲೆಕ್ಕ: ಹೌದು. ಪುಡಿಯನ್ನು ಅರ್ಧ ಜಾಗಕ್ಕಷ್ಟೇ ತುಂಬಿ. ಹೀರಿದಾಗ 25% ಹಿಗ್ಗುತ್ತದೆ. ಟ್ಯಾಂಕ್ ನೆಟ್ಟಗೆ ನಿಂತಿದ್ದರೆ ಪುಡಿ ತಳದಲ್ಲಿ ಬಿಗಿದು ಗೋಡೆಯೇ ಉಬ್ಬೀತು, ಅಡ್ಡ ಮಲಗಿಸಿ.